ಹದಿನೇಳನೆಯ ಚಿತ್ರದ ಏಳು ಹೆಂಗಸರು

ಕಲಾವಿದರು ಬರೆದು ಮುಗಿಸಿದ ಚಿತ್ರಗಳ ಫೋಟೋ ತೆಗೆದು, ಪಟ್ಟಿ ಮಾಡಿಡುವುದು ನನ್ನ ಕೆಲಸವಾಗಿತ್ತು. ಈಗ ಇದೇ ಕೆಲಸಕ್ಕೆ ಸೇರುತ್ತಿರುವವರು ಕೆಲವರು ಫೋನ್ ಮಾಡಿ ಯಾವ ಕ್ಯಾಮೆರಾ ಒಳ್ಳೆಯದು, ಯಾವ ದೀಪ ತೆಗೆದುಕೊಳ್ಳಲಿ ಎಂದು ಕೇಳುತ್ತಾರೆ. ಅದನ್ನೆಲ್ಲ ಅಂಗಡಿಯವನೇ ಹೇಳುತ್ತಾನೆ. ನಾನು ಹೇಳಬಹುದಾದದ್ದು ಬೇರೆ ಇದೆ.

ಮೊದಲನೆಯದಾಗಿ, ಕಪ್ಪು ಬಟ್ಟೆ ಹೊಲಿಸಿಕೊಳ್ಳಿ. ನೀವು ಕೆಂಪು ಬಟ್ಟೆ ಉಟ್ಟು ನಿಂತರೆ ಆ ಕೆಂಪು ಚಿತ್ರದ ವಾರ್ನಿಷ್ ಮೇಲೆ ಮಿಂಚುತ್ತದೆ. ಮೂವತ್ತೊಂದು ವರ್ಷ ನಾನು ಕಪ್ಪು ಬಟ್ಟೆಯಲ್ಲೇ ಊರೂರು ತಿರುಗಿದೆ. ಒಮ್ಮೆ ಒಬ್ಬ ಕಲಾವಿದರ ಮನೆಯಲ್ಲಿ ಕೆಲಸ ನಡೆದಿದ್ದಾಗಲೇ ಪಕ್ಕದ ಮನೆಯಲ್ಲಿ ಮದುವೆಯ ಚಪ್ಪರ ಹಾಕುತ್ತಿದ್ದರು. ನೀರು ಕುಡಿಯಲು ಹೊರಗೆ ಬಂದವಳನ್ನು ಒಬ್ಬ ಅಜ್ಜಿ ನೋಡಿ, “ಒಸಿ ಒಳೀಕೆ ಹೋಗವ್ವ, ಹೆಣ್ಣಿನ ಕಡೇರು ಬರೋ ಹೊತ್ತು” ಎಂದಿದ್ದಳು. ಒಳಗೆ ಹೋದೆ. ಹೇಗಿದ್ದರೂ ನಮ್ಮ ಕೆಲಸ ಒಳಗಿನದೇ. ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ, ಎರಡೂ ಕಡೆಯಿಂದ ಎರಡು ದೀಪ ಓರೆಯಾಗಿ ಇಟ್ಟು, ಒಂದೊಂದೇ ಚಿತ್ರವನ್ನು ಗೋಡೆಗೆ ಒರಗಿಸಿ, ಅದರ ಎದುರು ಮಾತಿಲ್ಲದೆ ನಿಲ್ಲಬೇಕು. ಸಂಜೆ ಹೊರಬಂದಾಗ ಆ ದಿನ ನಾನು ಯಾರ ಜೊತೆಯೂ ನಾಲ್ಕು ಮಾತು ಆಡಿಲ್ಲವೆಂಬುದು ನೆನಪಾಗುತ್ತಿತ್ತು. ಬರಬರುತ್ತಾ ಅದು ನೆನಪಾಗುವುದೂ ನಿಂತಿತು.

ನಮ್ಮಪ್ಪನಿಗೆ ತುರುವೇಕೆರೆಯಲ್ಲಿ ಫೋಟೋ ಸ್ಟುಡಿಯೋ ಇತ್ತು. ಅಲ್ಲಿ ಕಲಿತ ಕೆಲಸವನ್ನೇ ನೆಚ್ಚಿಕೊಂಡು ನಾನು ಬೆಂಗಳೂರಿನ ಒಂದು ಕಲಾಸಂಸ್ಥೆಗೆ ಸೇರಿದೆ. ಕಲಾವಿದರ ಮನೆಗಳಿಗೆ ಹೋಗಿ ಚಿತ್ರಗಳ ಫೋಟೋ ತೆಗೆದು, ಪ್ರತಿಯೊಂದಕ್ಕೂ ಸಂಖ್ಯೆ, ಹೆಸರು, ಬಣ್ಣದ ಬಗೆ, ಅಳತೆ, ಸ್ಥಿತಿ ಬರೆದು ತರಬೇಕು. ನನ್ನ ಮೇಲಧಿಕಾರಿ ಭಾಸ್ಕರ್ ಸರ್ ನನಗಿಂತ ಮೂರೇ ವರ್ಷ ದೊಡ್ಡವರು. ಮೊದಲ ದಿನವೇ ಒಂದು ಚಿತ್ರ ಮುಂದಿಟ್ಟು, ಕಂಡದ್ದನ್ನು ಬರೆಯಿರಿ ಎಂದರು. ನಾನು ‘ದುಃಖದಲ್ಲಿ ಕುಳಿತ ಹೆಂಗಸು’ ಎಂದು ಬರೆದೆ.

“ದುಃಖ ಎಲ್ಲಿದೆ, ತೋರಿಸಿ?”

“ಮುಖದಲ್ಲಿ ಸರ್.”

“ತಲೆ ಬಗ್ಗಿಸಿದ್ದಾಳೆ, ಅಷ್ಟೇ. ಅಕ್ಕಿ ಆರಿಸ್ತಾ ಇರಬಹುದು. ಅನ್ನಿಸಿದ್ದನ್ನ ಬರೀಬೇಡಿ ಸರೋಜಾ, ಕಂಡದ್ದನ್ನ ಬರೀರಿ.”

ಈ ಕೆಲಸದ ಪಾಠ ಅದೊಂದೇ. ಉಳಿದದ್ದೆಲ್ಲ ಕೈಗೆ ತಾನಾಗಿ ಬರುತ್ತದೆ.

ಆದರೆ ಕಂಡದ್ದೂ ತಪ್ಪಬಹುದು. ಆಗ ಸ್ಲೈಡ್ ಫಿಲ್ಮಿನ ಕಾಲ. ತೆಗೆದ ಫಿಲ್ಮು ತೊಳೆದು ಬರಲು ಹದಿನೈದು ದಿನ ಕಾಯಬೇಕು. ಹಾಗೆ ಬಂದ ಒಂದು ಸ್ಲೈಡನ್ನು ನಾನು ಹಿಂದುಮುಂದಾಗಿ ಚೌಕಟ್ಟಿಗೆ ಸೇರಿಸಿದ್ದೆ. ಯಾರ ಕಣ್ಣಿಗೂ ಬೀಳದೆ ಪುಸ್ತಕ ಅಚ್ಚಾಗಿ ಬಂತು. ಒಂದು ಮಧ್ಯಾಹ್ನ ಆ ಚಿತ್ರ ಬರೆದ ಮುದುಕಿ ಆಫೀಸಿಗೆ ಬಂದು, ನನ್ನ ಮೇಜಿನ ಮೇಲೆ ಪುಸ್ತಕ ಬಿಡಿಸಿಟ್ಟರು. ಗಂಡ ಊಟಕ್ಕೆ ಕುಳಿತ ಚಿತ್ರ ಅದು. ಅಚ್ಚಾದ ಪುಟದಲ್ಲಿ ಆತ ಎಡಗೈಯಲ್ಲಿ ತುತ್ತು ಎತ್ತಿದ್ದ. ಆಕೆ ಬೈಯಲಿಲ್ಲ. “ತೀರ್ಕೊಂಡೋರನ್ನ ಹಿಂಗೆ ಕೂರಿಸಬಾರದು ಕಣಮ್ಮ” ಎಂದಷ್ಟೇ ಹೇಳಿ ಹೊರಟುಹೋದರು. ಭಾಸ್ಕರ್ ಸರ್ ಸರಿಯಾದ ಚಿತ್ರ ಅಚ್ಚು ಮಾಡಿಸಿದರು. ಆಫೀಸಿನಲ್ಲಿ ಉಳಿದಿದ್ದ ಪ್ರತಿಯೊಂದು ಪುಸ್ತಕಕ್ಕೂ ಅದನ್ನು ನಾನೇ ಅಂಟಿಸಬೇಕೆಂದರು. ಅಂದಿನಿಂದ ಪ್ರತಿ ಚಿತ್ರದ ಅಂಚಿಗೆ ಸಂಖ್ಯೆ ಬರೆದ ಚೀಟಿಯೊಂದನ್ನು ಇಟ್ಟೇ ಫೋಟೋ ತೆಗೆಯುತ್ತೇನೆ. ಚಿತ್ರ ತಿರುಗಿದ್ದರೆ ಅಕ್ಷರ ಹೇಳಿಬಿಡುತ್ತದೆ. ನೀವೂ ಇಡಿ.

ಆಮೇಲೆ ಡಿಜಿಟಲ್ ಬಂತು. ತೆಗೆದ ತಕ್ಷಣ ಪರದೆಯ ಮೇಲೆ ಚಿತ್ರ ನೋಡಬಹುದು, ತಪ್ಪಿದ್ದರೆ ಅಲ್ಲೇ ಮತ್ತೆ ತೆಗೆಯಬಹುದು. ಇನ್ನು ತಪ್ಪುಗಳ ಕಾಲ ಮುಗಿಯಿತು ಎಂದುಕೊಂಡೆ. ರುದ್ರಪ್ಪ ಮೇಷ್ಟ್ರ ಮನೆಗೆ ಹೋದದ್ದು ಆ ಧೈರ್ಯದಲ್ಲಿ.

ಮೇಷ್ಟ್ರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶಾಲೆಗಳಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಹಂದನಕೆರೆಯಿಂದ ಒಂದು ಮೈಲಿ ಆಚೆ, ತಮ್ಮನ ಮಗನ ತೋಟದ ಮನೆಯಲ್ಲಿದ್ದರು. ನಲವತ್ತು ವರ್ಷ ಹಾರ್ಡ್‌ಬೋರ್ಡಿನ ಮೇಲೆ ಎಣ್ಣೆಬಣ್ಣದಲ್ಲಿ ಚಿತ್ರ ಬರೆದು, ಒಂದನ್ನೂ ಯಾರಿಗೂ ತೋರಿಸದೆ, ಕಾಯಿ ಒಣಗಿಸುವ ಅಟ್ಟದ ಮೇಲೆ ಗೋಡೆಗೆ ಮುಖ ಮಾಡಿ ಒರಗಿಸಿಟ್ಟಿದ್ದರು. ಹೇಗೋ ಸುದ್ದಿ ತಿಳಿದು ನಮ್ಮ ಸಂಸ್ಥೆಯವರು ಬಂದು ನೋಡಿ ಬೆರಗಾದರು. ಎಲ್ಲವನ್ನೂ ಬೆಂಗಳೂರಿಗೆ ತಂದು ಒಂದು ಕೋಣೆಯಲ್ಲಿ ಶಾಶ್ವತವಾಗಿ ಇಡುವುದೆಂದು ತೀರ್ಮಾನವಾಯಿತು. ಅದಕ್ಕೆ ಮೊದಲು ಪಟ್ಟಿ ಆಗಬೇಕಿತ್ತು.

ಒಟ್ಟು ನಲವತ್ತನಾಲ್ಕು ಚಿತ್ರ. ನಾಲ್ಕು ದಿನದ ಕೆಲಸ. ಅಟ್ಟದ ಮೇಲೆ ಒಂದು ಮೂಲೆಗೆ ಕಾಯಿಗಳನ್ನು ಸರಿಸಿ ನನಗೆ ಜಾಗ ಮಾಡಿಕೊಟ್ಟಿದ್ದರು. ವರ್ಷ ತುಂಬುತ್ತಾ ಬಂದ ಕಾಯಿಗಳು. ಕಾಲು ತಾಗಿದರೆ ಒಳಗೆ ಕೊಬ್ಬರಿ ಲೊಟಲೊಟ ಎನ್ನುತ್ತಿತ್ತು. ಮೇಷ್ಟ್ರು ಏಣಿಯ ಬಳಿ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದರು. ಕಲಾವಿದರು ಸಾಮಾನ್ಯವಾಗಿ ಮಾತಾಡುತ್ತಲೇ ಇರುತ್ತಾರೆ. ಇವರು ಹಾಗಲ್ಲ. ಒಂದು ಚಿತ್ರವನ್ನು ನಾನು ಬೆಳಕಿಗೆ ತಿರುಗಿಸಿದಾಗ, ಅವರು ನೋಡುತ್ತಿದ್ದದ್ದು ಚಿತ್ರವನ್ನಲ್ಲ, ನನ್ನ ಮುಖವನ್ನು.

ಹದಿನೇಳನೆಯದನ್ನು ತಿರುಗಿಸಿದಾಗ ನನ್ನ ಕೈ ನಿಂತಿತು. ಅಟ್ಟದ ಕೆಳಗೆ ಏಳು ಹೆಂಗಸರು ಸಾಲಾಗಿ ಕುಳಿತು ಕಾಯಿಯ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದಾರೆ. ಆರು ಜನರ ಕಣ್ಣು ತಮ್ಮ ತಮ್ಮ ಕೈಯ ಮೇಲಿದೆ. ಕೊನೆಯಲ್ಲಿ ಕುಳಿತವಳು ಮಾತ್ರ ತಲೆ ಎತ್ತಿ, ಯಾರೋ ಬಂದರೇನೋ ಎಂಬಂತೆ ನಮ್ಮ ಕಡೆ ನೋಡುತ್ತಿದ್ದಾಳೆ. ಸಾವಿರಾರು ಚಿತ್ರಗಳ ಮುಂದೆ ನಿಂತಿದ್ದೆ. ಯಾವ ಚಿತ್ರವೂ ನನ್ನನ್ನು ಹಾಗೆ ನೋಡಿರಲಿಲ್ಲ. ಪಟ್ಟಿಯಲ್ಲಿ ಬರೆದದ್ದು ಇಷ್ಟೇ: ‘ಏಳು ಹೆಂಗಸರು, ಚಿಪ್ಪಿನ ರಾಶಿ. ಒಬ್ಬಾಕೆ ಎದುರು ನೋಡುತ್ತಿದ್ದಾಳೆ. ಪೂರ್ಣ.’

ಪಟ್ಟಿಯನ್ನು ಕೊನೆಯ ಬಾರಿ ತಾಳೆ ನೋಡಲು ತಿಂಗಳ ನಂತರ ಮತ್ತೆ ಹೋದೆ. ಆರನೆಯ ಚಿತ್ರದಲ್ಲಿ, ಬಾವಿಕಟ್ಟೆಯ ಮೇಲೆ, ಫೋಟೋದಲ್ಲಿ ಇಲ್ಲದ ಒಂದು ಕೊಡ ಇತ್ತು. ನನ್ನದೇ ತಪ್ಪೆಂದುಕೊಂಡೆ. ಬೋರ್ಡಿನ ಹತ್ತಿರ ಮೂಗು ತಂದರೆ ಹಸಿ ಎಣ್ಣೆಯ ವಾಸನೆ.

“ಮೇಷ್ಟ್ರೇ, ಇದನ್ನ ಈಗ ಬರೆದ್ರಾ?”

“ಹೂಂ. ಕಟ್ಟೆ ಬರಿದು ಅನ್ನಿಸ್ತು ಕಣಮ್ಮ.”

“ಮುಗಿದಿದೆ ಅಂದಿದ್ರಿ.”

“ಅವತ್ತು ಮುಗಿದಿತ್ತು.”

ಮತ್ತೆ ಫೋಟೋ ತೆಗೆದೆ. ಮುಂದಿನ ಸಲ ಮೂರು ಚಿತ್ರ ಬದಲಾಗಿದ್ದವು. ಅದರ ಮುಂದಿನ ಸಲ ಐದು. ಒಂದರಲ್ಲಿ ಆಕಾಶ ಕೆಂಪಾಗಿತ್ತು, ಇನ್ನೊಂದರಲ್ಲಿ ಮುಚ್ಚಿದ್ದ ಬಾಗಿಲು ತೆರೆದಿತ್ತು. ಪ್ರತಿ ಸಲವೂ ದೀಪ ಹೊತ್ತು, ತಿಪಟೂರಿನಲ್ಲಿ ರೈಲು ಇಳಿದು, ಹಂದನಕೆರೆಯ ಬಸ್ಸು ಹಿಡಿದು, ಒಂದು ಮೈಲಿ ನಡೆದು ಹೋಗುತ್ತಿದ್ದೆ. ಭಾಸ್ಕರ್ ಸರ್ ತಾಳ್ಮೆ ಕಳೆದುಕೊಳ್ಳುತ್ತಿದ್ದರು. ಅದು ಅವರ ಸೇವೆಯ ಕೊನೆಯ ವರ್ಷ. ಆ ಕೋಣೆಯನ್ನು ತೆರೆದೇ ಹೋಗಬೇಕೆಂದು ಅವರಿಗಿತ್ತು.

ಐದನೆಯ ಸಲ ಹೋದಾಗ ಹದಿನೇಳನೆಯ ಚಿತ್ರದಲ್ಲಿ ಆರೇ ಹೆಂಗಸರು. ನಮ್ಮನ್ನು ನೋಡುತ್ತಿದ್ದವಳು ಇರಲಿಲ್ಲ. ಅವಳು ಕುಳಿತಿದ್ದ ಕಡೆ ದಪ್ಪ ಕಂದು ಬಣ್ಣ.

ಮೇಲಧಿಕಾರಿ ಕಲಿಸಿದ್ದೆಲ್ಲ ಆ ಕ್ಷಣ ಮರೆತುಹೋಯಿತು. “ಏನ್ ಮಾಡಿದ್ರಿ ಮೇಷ್ಟ್ರೇ! ಕೆಡಿಸಿಬಿಟ್ರಲ್ಲ!” ಎಂದು ಕೂಗಿದೆ.

ಅವರು ಬೆಚ್ಚಿ ಎದ್ದು ನಿಂತರು. ಆಮೇಲೆ ಮೆಲ್ಲಗೆ, “ಎಲ್ಲಿ ಕೆಟ್ಟಿತು? ನಿಮ್ಮ ಫೋಟೋದಲ್ಲಿ ಇದಾಳಲ್ಲ” ಎಂದರು. “ನೀವು ತೆಗೆಯೋಕೆ ಮುಂಚೆ ನಂಗೆ ಭಯ ಇತ್ತು. ಕೈ ಇಟ್ರೆ ಹೋಗಿಬಿಡುತ್ತೆ ಅಂತ. ಈಗ ಭಯ ಇಲ್ಲ. ಅದು ನಿಮ್ಮ ಹತ್ರ ಭದ್ರವಾಗಿದೆ. ಈ ಹಲಗೆ ನಂದು.”

ನಾನು ಏಣಿ ಇಳಿದು ಹಿತ್ತಿಲಿಗೆ ಹೋದೆ. ಕಾಪಾಡುವ ಕೆಲಸ ನನ್ನದು ಎಂದು ಇಷ್ಟು ವರ್ಷ ನಂಬಿದ್ದೆ. ನನ್ನ ಫೋಟೋ ಇದೆ ಎಂಬ ಧೈರ್ಯದಲ್ಲೇ ಚಿತ್ರ ಅಳಿಯುತ್ತಿದೆ ಎಂದರೆ ಯಾರ ಮೇಲೆ ಸಿಟ್ಟಾಗುವುದು?

ಮನೆಯ ಸೊಸೆ ಮಂಜುಳ ಅಲ್ಲಿ ಪಾತ್ರೆ ಬೆಳಗುತ್ತಿದ್ದಳು. ಅವಳು ಅಮ್ಮಸಂದ್ರದ ಹುಡುಗಿ. ಅಪ್ಪ ಅಲ್ಲಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಕ್ವಾರ್ಟರ್ಸಿನ ಗಲಾಟೆಯಲ್ಲಿ ಬೆಳೆದು, ಸುತ್ತ ಇನ್ನೊಂದು ಮನೆಯಿಲ್ಲದ ತೋಟಕ್ಕೆ ಬಂದಿದ್ದಳು. ನನ್ನ ಮುಖ ನೋಡಿ ಕೈ ತೊಳೆದುಕೊಂಡಳು.

“ಮಾವ ಬೈದ್ರಾ ಅಕ್ಕ?”

“ನಾನೇ ಬೈದೆ. ಚಿತ್ರ ಎಲ್ಲ ಕೆಡಿಸ್ತಾವ್ರೆ ಕಣೇ. ಯಾಕೆ ಹಿಂಗೆ ಮಾಡ್ತಾರೆ ಅಂತಾನೇ ಗೊತ್ತಾಗ್ತಿಲ್ಲ.”

ಮಂಜುಳ ಬೆಳಗಿದ ಪಾತ್ರೆಗಳನ್ನು ಬುಟ್ಟಿಗೆ ಹಾಕಿದಳು. “ನಿಮಗೆ ಗೊತ್ತಾಗಕಿಲ್ವಾ? ನೀವು ಬರೋ ದಿನ ಮಾವ ಬೆಳಿಗ್ಗೇನೇ ಶೇವ್ ಮಾಡ್ಕಂತಾರೆ. ಅವತ್ತು ಎಲ್ಡು ಮುದ್ದೆ ಉಣ್ತಾರೆ. ಬಾಕಿ ದಿನ ಅರ್ಧ ಉಂಡು ಏಳ್ತಾರೆ. ಎಲ್ಲಾ ಸರಿಯಾಗೈತೆ ಅಂದ್ರೆ ನೀವ್ಯಾಕೆ ಬತ್ತೀರಾ ಇಲ್ಲಿಗೆ?”

ಆ ಮನೆಯಲ್ಲಿ ಯಾರೂ ಅವರನ್ನು ಕಡೆಗಣಿಸಿರಲಿಲ್ಲ. ಹೊತ್ತಿಗೆ ಊಟ, ಕಾಯಿಲೆಯಾದರೆ ಔಷಧಿ, ಎಲ್ಲ ಇತ್ತು. ಆದರೆ ನಲವತ್ತು ವರ್ಷ ಒಬ್ಬರೂ ಏಣಿ ಹತ್ತಿ ಬಂದು ಒಂದು ಚಿತ್ರದ ಎದುರು ಅರ್ಧ ಗಂಟೆ ನಿಂತಿರಲಿಲ್ಲ. ನಾನು ನಿಂತಿದ್ದೆ. ಅದು ನನ್ನ ಕೆಲಸವೆಂದು ನಿಂತಿದ್ದೆ. ಅವರಿಗೆ ಅದು ಹೇಗೆ ಕಂಡಿತ್ತೋ. ಬೆಂಗಳೂರಿನ ನನ್ನ ಕೋಣೆಯಲ್ಲಿ, ಹಂದನಕೆರೆಗೆ ಹೋಗುವ ಹಿಂದಿನ ದಿನ ನಾನೂ ಬ್ಯಾಗನ್ನು ಎರಡೆರಡು ಸಲ ಜೋಡಿಸಿಡುತ್ತಿದ್ದೆನೆಂದು ಆಗ ನೆನಪಾಯಿತು.

ಇದನ್ನು ಭಾಸ್ಕರ್ ಸರ್‌ಗೆ ಹೇಳಲಿಲ್ಲ. ಚಿತ್ರ ಬದಲಾಗುತ್ತಿದೆ ಎಂದಷ್ಟೇ ವರದಿ ಕೊಟ್ಟೆ. ಅವರು ಒಂದು ದಿನ ಗೊತ್ತುಮಾಡಿದರು. ಲಾರಿ ಬರುತ್ತದೆ. ಅದಕ್ಕೆ ಮೊದಲು ಮೇಷ್ಟ್ರು ಪ್ರತಿ ಬೋರ್ಡಿನ ಹಿಂದೆ ‘ಮುಗಿದಿದೆ’ ಎಂದು ಬರೆದು ರುಜು ಹಾಕಬೇಕು. ರುಜು ಇಲ್ಲದ್ದನ್ನು ಸಂಸ್ಥೆ ತೆಗೆದುಕೊಳ್ಳುವುದಿಲ್ಲ.

ಆ ದಿನ ಮೇಷ್ಟ್ರು ಬಿಳಿ ಅಂಗಿ ತೊಟ್ಟು ಸ್ಟೂಲಿನ ಮೇಲೆ ಕುಳಿತರು. ನಾನು ಒಂದೊಂದಾಗಿ ಬೋರ್ಡು ತಂದು ಅವರ ತೊಡೆಗೆ ಒರಗಿಸುತ್ತಿದ್ದೆ. ತೆಳು ಕುಂಚ ಶಾಯಿಗೆ ಅದ್ದಿ, ಶಾಲೆಯ ಕಪ್ಪುಹಲಗೆಯ ದುಂಡು ಅಕ್ಷರದಲ್ಲಿ ಬರೆದು, ಒಣಗುವವರೆಗೆ ಊದುತ್ತಿದ್ದರು. ಒಂದಕ್ಕೂ ತಕರಾರು ಮಾಡಲಿಲ್ಲ. ಹದಿನೇಳನೆಯದು ಬಂದಾಗ ಕುಂಚ ಕೆಳಗಿಟ್ಟರು. ಅದರಲ್ಲಿ ಈಗ ನಾಲ್ಕೇ ಹೆಂಗಸರಿದ್ದರು.

“ಇದು ಮುಗಿದಿಲ್ಲ.”

“ಮೇಷ್ಟ್ರೇ...”

“ಇದೊಂದು ಬುಡಿ ಕಣಮ್ಮ. ಎಲ್ಲಾ ತಗೊಂಡು ಹೋದ್ರೆ ನಾನು ಬೆಳಿಗ್ಗೆ ಎದ್ದು ಏನ್ ಮಾಡ್ಲಿ?”

ನಾನು ಅಂಗಳಕ್ಕೆ ಇಳಿದು ಭಾಸ್ಕರ್ ಸರ್‌ಗೆ ಫೋನ್ ಮಾಡಿದೆ. ಅವರು ತಣ್ಣಗೆ ಹೇಳಿದರು: “ಮೊದಲ ಸಲ ನೀವೇ ಪೂರ್ಣ ಅಂತ ದಾಖಲೆ ಮಾಡಿದ್ದೀರಿ. ಮೇಲಿನ ಬಣ್ಣ ಹೊಸದು, ಇನ್ನೂ ಗಟ್ಟಿಯಾಗಿಲ್ಲ. ನಮ್ಮವರು ನಾಜೂಕಾಗಿ ತೆಗೆದರೆ ಕೆಳಗಿನ ಏಳೂ ಜನ ಸಿಗ್ತಾರೆ. ವರ್ಷ ಬಿಟ್ರೆ ಆಗಲ್ಲ. ಅವರಲ್ಲಿರೋ ಅತಿ ಒಳ್ಳೆ ಚಿತ್ರ ಅದು, ನಿಮಗೂ ಗೊತ್ತು. ಬಿಟ್ಟು ಬರಬೇಡಿ ಸರೋಜಾ.”

ಅವರ ಮಾತು ಸರಿಯಾಗಿತ್ತು. ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಮೇಷ್ಟ್ರು ರುಜು ಹಾಕಿಬಿಡುತ್ತಿದ್ದರು. ಅಷ್ಟು ಮೆತ್ತಗಿನ ಮನುಷ್ಯ. ತಲೆ ಎತ್ತಿ ನೋಡುತ್ತಿದ್ದವಳು ಆ ಕಂದು ಬಣ್ಣದ ಕೆಳಗೆ ಇನ್ನೂ ಇದ್ದಳು. ಅವಳನ್ನು ಉಳಿಸುವುದೋ, ಅವರಿಗೆ ಒಂದು ಬೆಳಗನ್ನು ಉಳಿಸುವುದೋ ಎಂದು ನಾನು ಲಾರಿಯ ಪಕ್ಕದಲ್ಲಿ ತುಂಬಾ ಹೊತ್ತು ನಿಂತೆ. ಆಮೇಲೆ ಮೇಲೆ ಹೋಗಿ ಪಟ್ಟಿಯಲ್ಲಿ ‘ಪೂರ್ಣ’ ಎಂಬುದನ್ನು ಹೊಡೆದು ಬರೆದೆ: ‘ಅಪೂರ್ಣ. ಕಲಾವಿದರ ಬಳಿಯೇ ಇದೆ.’

ನಲವತ್ತಮೂರು ಚಿತ್ರ ಹೊತ್ತು ಲಾರಿ ಹೋಯಿತು. ಭಾಸ್ಕರ್ ಸರ್ ಕೂಗಾಡಲಿಲ್ಲ. ಪಟ್ಟಿ ಓದಿ, ಕನ್ನಡಕ ತೆಗೆದು, “ಕಂಡದ್ದನ್ನ ಬರೀರಿ ಅಂತ ನಾನೇ ಹೇಳಿದ್ದೆ. ನೀವು ಅಲ್ಲಿ ಏನು ಕಂಡ್ರಿ?” ಎಂದು ಕೇಳಿದರು. ಅವರು ನಿವೃತ್ತರಾಗುವವರೆಗೆ ನಮ್ಮ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತು ನಡೆಯಲಿಲ್ಲ. ಮಾಡಿದ್ದು ಸರಿಯೋ ತಪ್ಪೋ, ಇಂದಿಗೂ ನನಗೆ ತಿಳಿಯದು. ನಿಮಗೆ ಅಂಥ ದಿನ ಬಂದರೆ ಯಾರೂ ಬಂದು ಹೇಳಿಕೊಡುವುದಿಲ್ಲ ಎಂದಷ್ಟೇ ಗೊತ್ತು.

ಇನ್ನೊಂದು ತಪ್ಪು ಮಾತ್ರ ಖಂಡಿತ ನನ್ನದು. ಬತ್ತೀನಿ ಮೇಷ್ಟ್ರೇ ಎಂದು ಹೇಳಿ ಬಂದವಳು, ನಂತರದ ಮೂರು ವರ್ಷದಲ್ಲಿ ಎರಡೇ ಸಲ ಹೋದೆ. ಕೆಲಸ ಬೇರೆ ಊರುಗಳಿಗೆ ಎಳೆಯಿತು ಎನ್ನುವುದು ನೆಪ. ಕ್ಯಾಮೆರಾ ಇಲ್ಲದೆ ಹೋದರೆ ನಮ್ಮಿಬ್ಬರಿಗೂ ಮಾತು ಹುಟ್ಟುತ್ತಿರಲಿಲ್ಲ. ಇಬ್ಬರೂ ಕಾಫಿ ಕುಡಿದು, ಲೋಟವನ್ನು ನೋಡುತ್ತಾ ಕುಳಿತಿರುತ್ತಿದ್ದೆವು. ಬಸ್ಸಿನ ಹೊತ್ತಾಯಿತು ಎಂದು ನಾನೇ ಮೊದಲು ಏಳುತ್ತಿದ್ದೆ.

ನಿವೃತ್ತಿಯ ನಂತರ ತಿಪಟೂರಿನಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದೆ. ತುರುವೇಕೆರೆಯಲ್ಲಿ ನಮ್ಮವರು ಯಾರೂ ಉಳಿದಿರಲಿಲ್ಲ. ಮೊದಲ ವಾರವೆಲ್ಲ ಬೆಳಿಗ್ಗೆ ಆರಕ್ಕೆ ಎದ್ದು, ಕಪ್ಪು ಬಟ್ಟೆ ತೊಟ್ಟು, ಎಲ್ಲಿಗೆ ಹೋಗುವುದೆಂದು ತಿಳಿಯದೆ ಮಂಚದ ಮೇಲೆ ಕುಳಿತಿರುತ್ತಿದ್ದೆ. ಬೆಳಿಗ್ಗೆ ಎದ್ದು ಏನ್ ಮಾಡ್ಲಿ ಎಂದು ಮೇಷ್ಟ್ರು ಕೇಳಿದ್ದು ನನಗೆ ಅರ್ಥವಾದದ್ದು ಆಗ. ಒಂದು ದಿನ ಹಾಗೇ ಎದ್ದು ಹಂದನಕೆರೆಯ ಬಸ್ಸು ಹತ್ತಿದೆ.

ಮೇಷ್ಟ್ರು ಬಹಳ ಇಳಿದುಹೋಗಿದ್ದರು. ಏಣಿ ಹತ್ತಲಾಗದೆ ಹಜಾರಕ್ಕೆ ಬಂದಿದ್ದರು. ಹದಿನೇಳನೆಯ ಬೋರ್ಡೂ ಅವರೊಡನೆ ಕೆಳಗಿಳಿದಿತ್ತು. ಈಗ ಅದರಲ್ಲಿ ಹೆಂಗಸರು ಯಾರೂ ಇರಲಿಲ್ಲ. ಕಂದು, ಅದರ ಮೇಲೆ ಬೂದಿ, ಅದರ ಮೇಲೆ ಮತ್ತೆ ಕಂದು. ಬಣ್ಣ ಗಂಟುಗಂಟಾಗಿ ಬಿರುಕು ಬಿಟ್ಟಿತ್ತು. ಮೂವತ್ತೊಂದು ವರ್ಷದ ಕಣ್ಣಿಗೆ ಗೊತ್ತಾಗದಿರುತ್ತದೆಯೇ? ಚಿತ್ರ ಪೂರ್ತಿ ಹಾಳಾಗಿತ್ತು.

“ಹೆಂಗಿದೆ?” ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು.

ನಾನು ಬೋರ್ಡಿನ ಎದುರು ನಿಂತೆ. ಅರ್ಧ ಗಂಟೆ ನಿಂತಿರಬಹುದು. ಅವರು ನನ್ನ ಮುಖ ನೋಡುತ್ತಿದ್ದರು.

“ಇನ್ನೂ ಮುಗಿದಿಲ್ಲ ಮೇಷ್ಟ್ರೇ” ಎಂದೆ.

ಅವರ ಭುಜ ಸಡಿಲವಾಯಿತು. “ನಂಗೂ ಹಂಗೇ ಅನ್ನಿಸ್ತು ಕಣಮ್ಮ. ಎಡಗಡೆ ಇನ್ನೂ ಕೆಲಸ ಇದೆ. ಮುಂದಿನ ತಿಂಗಳು ಬಂದು ನೋಡ್ತೀರಾ?”

ಆಮೇಲೆ ಪ್ರತಿ ತಿಂಗಳೂ ಹೋದೆ. ಹೋದಾಗಲೆಲ್ಲ ನಿಂತು ನೋಡಿ, ಎಲ್ಲಿ ಇನ್ನೂ ಕೆಲಸವಿದೆ ಎಂದು ಹೇಳುತ್ತಿದ್ದೆ. ಇಲ್ಲಿ ಸ್ವಲ್ಪ ತಿಳಿಯಾಗಬೇಕು, ಇಲ್ಲಿ ಭಾರ ಹೆಚ್ಚಾಯಿತು. ಅವರು ಮಾಸ್ತರರ ಎದುರು ಹುಡುಗನಂತೆ ತಲೆಯಾಡಿಸುತ್ತಿದ್ದರು. ನಮಗೆ ಮತ್ತೆ ಮಾತು ಬಂದಿತ್ತು. ಒಂದು ವರ್ಷದ ಮೇಲಾಯಿತು. ಒಂದು ಬೆಳಿಗ್ಗೆ ಮಂಜುಳ ಫೋನ್ ಮಾಡಿ ಅಳುತ್ತಾ, “ಮಾವ ಹೋದ್ರು ಅಕ್ಕ” ಎಂದಳು.

ನಾನು ತಲುಪುವ ಹೊತ್ತಿಗೆ ತೋಟದಲ್ಲೇ ಮಣ್ಣು ಮಾಡಿ ಎಲ್ಲರೂ ಕೈಕಾಲು ತೊಳೆಯುತ್ತಿದ್ದರು. ಜನ ಚದುರಿದ ಮೇಲೆ ಮಂಜುಳ ನನ್ನನ್ನು ಹಜಾರಕ್ಕೆ ಕರೆದೊಯ್ದಳು. ಬೋರ್ಡು ಗೋಡೆಗೆ ಒರಗಿತ್ತು.

“ಮೊನ್ನೆ ಸಂಜೆ ನನ್ನ ಕರ್ದು ಒಂದು ಮಾತು ಹೇಳಿದ್ರು. ‘ಸರೋಜಮ್ಮ ಬಂದ್ರೆ ಮುಗೀತು ಅಂತ ಹೇಳು. ಇನ್ನ ಅಷ್ಟು ದೂರ ಬಸ್ಸಲ್ಲಿ ಬರೋದು ಬೇಡ ಅನ್ನು. ಪಾಪ, ಕೆಟ್ಟೋಗಿರೋ ಚಿತ್ರ ನೋಡಾಕೆ ತಿಂಗಳು ತಿಂಗಳು ಬಂದ್ರು’ ಅಂದ್ರು.”

ಕೆಟ್ಟಿದೆಯೆಂದು ಅವರಿಗೆ ಗೊತ್ತಿತ್ತು. ನನಗೆ ಗೊತ್ತೆಂಬುದೂ ಗೊತ್ತಿತ್ತು.

ಬೋರ್ಡಿನ ಅಂಚು ಹಿಡಿದು ಕೇಳಿದೆ: “ಮಂಜುಳಾ, ಈ ಬೋರ್ಡು ನಾನು ತಗೊಂಡು ಹೋಗ್ಲಾ? ನಿಮಗೆ ಇದರಿಂದ ಏನೂ ಉಪಯೋಗ ಇಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಬೋರ್ಡನ್ನು ಗೋಡೆಗೆ ಇನ್ನಷ್ಟು ಒತ್ತಿ ನಿಲ್ಲಿಸಿದಳು.

“ನಾನ್ ಕೊಡಾಕಿಲ್ಲ ಅಕ್ಕ. ಇದೂ ಹೋದ್ರೆ ಈ ತೋಟಕ್ಕೆ ನೀವ್ಯಾಕೆ ಬತ್ತೀರಾ?”

ಬೋರ್ಡು ಈಗಲೂ ಅಲ್ಲೇ ಇದೆ. ಕಳೆದ ವಾರ ಹೋಗಿದ್ದೆ. ಮಂಜುಳ ಅದರ ಧೂಳು ಒರೆಸಿ ಇಟ್ಟಿದ್ದಳು. ಇಬ್ಬರೂ ಅದರ ಎದುರು ಕುಳಿತು ಉಂಡೆವು. “ಒಂದ್ ಮಾತು ಅಕ್ಕ, ಈ ಕಂದು ಬಣ್ಣದ ಕೆಳಗೆ ಏನಿತ್ತು? ನಾನು ಒಂದಿನಾನೂ ಮೇಲೆ ಹತ್ತಿ ನೋಡಲೇ ಇಲ್ಲ” ಎಂದಳು. ನಾನು ಕೈ ತೊಳೆದು ಬಂದು, ಮೊದಲನೆಯ ಹೆಂಗಸಿನಿಂದ ಶುರು ಮಾಡಿ ಒಬ್ಬೊಬ್ಬರಾಗಿ ಹೇಳತೊಡಗಿದೆ.